ಫೈರ್ ಕಾನ್‌ಸ್ಟೆಬಲ್ ಫಿಸಿಕಲ್: 24 ನಿಮಿಷ, 5 ಕಿಲೋಮೀಟರ್ ಮತ್ತು ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಐಎಸ್‌ಎಫ್ (ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ) ಕಾನ್‌ಸ್ಟೆಬಲ್/ಫೈರ್, ಅಂದರೆ ಅಗ್ನಿಶಾಮಕ ಕಾನ್‌ಸ್ಟೆಬಲ್ ಹುದ್ದೆಯ ಅಧಿಸೂಚನೆ ಬಂದ ವಾರವೇ ನಮ್ಮ ತಾಲೂಕು ಮೈದಾನಕ್ಕೆ ಹೊಸ ಮುಖಗಳು ಬರುತ್ತವೆ. ಪ್ರಶ್ನೆಗಳು ಮಾತ್ರ ಹಳೆಯವೇ. ಬೆಳಿಗ್ಗೆ ಐದೂವರೆಗೆ ಶೂ ದಾರ ಕಟ್ಟುತ್ತಾ ಹೇಳಿದ್ದು, ರಾತ್ರಿ ಫೋನಿನಲ್ಲಿ ಹೇಳಿದ್ದು, ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬಿಟ್ಟಿದ್ದೇನೆ.

## ಮೊದಲು ಇಷ್ಟು ಗೊತ್ತಿರಲಿ

ಫಿಸಿಕಲ್‌ನಲ್ಲಿ ನಿಜವಾಗ್ಲೂ ಏನೇನಿರುತ್ತೆ ಸರ್? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಎರಡೇ ವಿಷಯ. ಒಂದು ಅಳತೆ, ಇನ್ನೊಂದು ಓಟ. ಎತ್ತರ 170 ಸೆಂಟಿಮೀಟರ್, ಎದೆ 80, ಉಬ್ಬಿಸಿದಾಗ 85. ಪರಿಶಿಷ್ಟ ಪಂಗಡದವರಿಗೆ ಎತ್ತರ 162.5, ಎದೆ 77ರಿಂದ 82. ಓಟ 5 ಕಿಲೋಮೀಟರ್, 24 ನಿಮಿಷದೊಳಗೆ. ಉದ್ದಜಿಗಿತ, ಗುಂಡು ಎಸೆತ ಇಲ್ಲಿಲ್ಲ. ಅವು ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯವು. ಜನ ಎರಡನ್ನೂ ಕಲಸಿ ಹೇಳುತ್ತಾರೆ.

ಓಟಕ್ಕೆ ಅಂಕವಿಲ್ಲ ಎನ್ನುವುದನ್ನು ಚೆನ್ನಾಗಿ ನೆನಪಿಡಿ. ಪಾಸ್ ಇಲ್ಲವೇ ಫೇಲ್, ಅಷ್ಟೇ. 18 ನಿಮಿಷಕ್ಕೆ ಮುಗಿಸಿದವನೂ 23 ನಿಮಿಷ 50 ಸೆಕೆಂಡಿಗೆ ಮುಗಿಸಿದವನೂ ಒಂದೇ. ಮೆರಿಟ್ ಬರುವುದು 100 ಅಂಕದ ಲಿಖಿತ ಪರೀಕ್ಷೆಯಿಂದ. ಹಾಗಾಗಿ ಪಕ್ಕದವನನ್ನು ಸೋಲಿಸುವ ಹಟ ಬೇಡ, ಗಡಿಯಾರವನ್ನು ಸೋಲಿಸಿದರೆ ಸಾಕು.

ಎತ್ತರ 169 ಇದೆ. ದಿನಾ ಬಾರ್‌ಗೆ ನೇತಾಡಿದ್ರೆ ಒಂದು ಸೆಂಟಿಮೀಟರ್ ಬೆಳೆಯಲ್ವಾ?

ಬೆಳೆಯುವುದಿಲ್ಲ. ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಒಮ್ಮೆ ಗಟ್ಟಿಯಾಯಿತೆಂದರೆ ಮುಗಿಯಿತು. ಎತ್ತರದ ಪುಡಿ, ಮಾತ್ರೆ ಮಾರುವವರಿಗೆ ದುಡ್ಡು ಕೊಡಬೇಡಿ.

ಆದರೆ ಒಂದು ಸಣ್ಣ ಸಂಗತಿ ಇದೆ. ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳು ದಿನವಿಡೀ ದೇಹದ ಭಾರಕ್ಕೆ ಕುಗ್ಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತೇವೆ. ಸಂಜೆ 169.5 ಬಂದವರು ಬೆಳಿಗ್ಗೆ ಅಳೆದು ನೋಡಿ. ಸಂಜೆ 168 ಬಂದರೆ ಬೇರೆ ನೇಮಕಾತಿ ನೋಡುವುದೇ ಒಳ್ಳೆಯದು. ಬೇಜಾರಾದರೂ ಈಗಲೇ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ.

ಎದೆ 80 ಬರುತ್ತೆ, ಉಬ್ಬಿಸಿದ್ರೆ 83 ದಾಟ್ತಿಲ್ಲ. ಏನ್ ಮಾಡ್ಲಿ?

ಇದನ್ನು ಸರಿ ಮಾಡಬಹುದು. ಹೆಚ್ಚಿನವರು ಉಸಿರು ಎಳೆಯುವ ಬದಲು ಹೆಗಲು ಎತ್ತುತ್ತಾರೆ. ಹೆಗಲು ಎತ್ತಿದರೆ ಟೇಪು ಸರಿಯುತ್ತದೆ, ಎದೆ ಹಿಗ್ಗುವುದಿಲ್ಲ. ಮೊದಲು ಇರುವ ಗಾಳಿಯನ್ನೆಲ್ಲ ಹೊರಗೆ ಬಿಡಿ. ಆಮೇಲೆ ನಿಧಾನವಾಗಿ ಎಳೆಯಿರಿ, ಪಕ್ಕೆಲುಬು ಎರಡೂ ಬದಿಗೆ ತೆರೆದುಕೊಳ್ಳಬೇಕು. ಟೇಪು ಸುತ್ತಿಕೊಂಡು ದಿನಕ್ಕೆ ಹತ್ತು ಸಲ ಮಾಡಿ. ಜೊತೆಗೆ ದಂಡ ಹೊಡೆಯಿರಿ. ಗರಡಿ ಮನೆಯ ಹಳೇ ದಂಡ ಇನ್ನೂ ಒಳ್ಳೆಯದು, ಅದರಲ್ಲಿ ಬೆನ್ನೂ ಬಾಗುತ್ತದೆ. ಫೋನ್ ನೋಡಿ ನೋಡಿ ಗೂನಾದ ಬೆನ್ನು ನೆಟ್ಟಗಾದರೇ ಒಂದಿಷ್ಟು ಸಿಗುತ್ತದೆ.

ಮೆಡಿಕಲ್ ಕೊನೆಗೆ ತಾನೇ? ಅದ್ರ ಚಿಂತೆ ಈಗ್ಯಾಕೆ?

ಕೊನೆಗೆ ಬರುವುದರಿಂದಲೇ ಈಗ ಚಿಂತೆ ಮಾಡಬೇಕು. ನಮ್ಮ ಮೈದಾನದ ಹುಡುಗನೊಬ್ಬ ಆರು ತಿಂಗಳು ಓಡಿ, ಓಟ ಪಾಸಾಗಿ, ಲಿಖಿತದಲ್ಲೂ ಒಳ್ಳೆ ಅಂಕ ತೆಗೆದು, ಕೊನೆಗೆ ಬಣ್ಣಗುರುಡು ಎಂದು ಹೊರಬಿದ್ದ. ಅಲ್ಲಿಯವರೆಗೆ ಅವನಿಗೇ ಅದು ಗೊತ್ತಿರಲಿಲ್ಲ.

ಕನ್ನಡಕವಿಲ್ಲದೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ನಿಂತಾಗ ಮಂಡಿ ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಕಾಲಿನ ಉಬ್ಬಿದ ರಕ್ತನಾಳ, ಮೆಳ್ಳೆಗಣ್ಣು ಇರಬಾರದು. ಪಾದ ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಒಳಬದಿಯಲ್ಲಿ ಬಾಗಿದ ಖಾಲಿ ಜಾಗ ಕಾಣದೆ ಪೂರ್ತಿ ಪಾದ ಮೂಡಿದರೆ ಮೂಳೆ ಡಾಕ್ಟರಿಗೆ ತೋರಿಸಿ. ಓಟ ಶುರು ಮಾಡುವ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಾಲು, ರಕ್ತದೊತ್ತಡ ನೋಡಿಸಿಕೊಳ್ಳಿ. ಅರ್ಧ ದಿನದ ಕೆಲಸ.

ಹುಡುಗಿಯರಿಗೆ ಇಲ್ವಾ ಇದು?

2022 ಮತ್ತು 2024ರ ಕಾನ್‌ಸ್ಟೆಬಲ್/ಫೈರ್ ಅಧಿಸೂಚನೆಗಳಲ್ಲಿ ಪುರುಷರಿಗೆ ಮಾತ್ರ ಅವಕಾಶವಿತ್ತು. ಹಾಗಂತ ಈ ಕೆಲಸ ಹೆಣ್ಣುಮಕ್ಕಳದ್ದಲ್ಲ ಎಂದಲ್ಲ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿನಲ್ಲಿ ಓದಿದ ಹರ್ಷಿಣಿ ಕಾನ್ಹೇಕರ್ ಇಪ್ಪತ್ತು ವರ್ಷದ ಹಿಂದೆಯೇ ಈ ಕ್ಷೇತ್ರಕ್ಕೆ ಬಂದವರು. ಕೆಳಗೆ ಓಟದ ಬಗ್ಗೆ ಬರೆದಿರುವುದು ಯಾರು ಓಡಿದರೂ ಅನ್ವಯಿಸುತ್ತದೆ.

## ಓಟ ಈಗ ಶುರು ಮಾಡುವವರಿಗೆ

ಒಂದು ರೌಂಡ್‌ಗೇ ದಮ್ಮು ಕಟ್ಟುತ್ತೆ. 400 ಮೀಟರಿನ ಹನ್ನೆರಡೂವರೆ ರೌಂಡ್ ನನ್ನಿಂದಾಗುತ್ತಾ?

ಆಗುತ್ತದೆ. ನಿಮ್ಮ ತೊಂದರೆ ದಮ್ಮಿನದ್ದಲ್ಲ, ವೇಗದ್ದು. ಓಟ ಅಂದ ಕೂಡಲೇ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತೀರಿ. ಪಕ್ಕದಲ್ಲಿ ಗೆಳೆಯನನ್ನು ಇಟ್ಟುಕೊಂಡು ನಿನ್ನೆಯ ಮ್ಯಾಚಿನ ಬಗ್ಗೆ ಮಾತಾಡುತ್ತಾ ಓಡಿ. ಪೂರ್ತಿ ವಾಕ್ಯ ಹೇಳಲು ಆಗಬೇಕು. ಆಗದಿದ್ದರೆ ಇನ್ನೂ ನಿಧಾನ ಮಾಡಿ. ಅದಕ್ಕೂ ದಮ್ಮು ಬಂದರೆ ಎರಡು ನಿಮಿಷ ಓಡಿ, ಒಂದು ನಿಮಿಷ ನಡೆಯಿರಿ. ಹೀಗೆ ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ.

ನಿಧಾನ ಓಟದಲ್ಲಿ ದೇಹದೊಳಗೆ ತುಂಬಾ ಕೆಲಸ ನಡೆಯುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ಕಾಲಿನ ಸ್ನಾಯುಗಳಲ್ಲಿ ಹೊಸ ಸಣ್ಣ ರಕ್ತನಾಳಗಳು ಹುಟ್ಟುತ್ತವೆ. ಇದಕ್ಕೆ ವಾರಗಳು ಬೇಕು, ಅವಸರ ಮಾಡಿದರೆ ಬರುವುದಿಲ್ಲ. ಮೂರನೇ ವಾರಕ್ಕೆ ನಡಿಗೆ ಕಡಿಮೆಯಾಗುತ್ತದೆ. ಎರಡು ತಿಂಗಳಿಗೆ ನಿಲ್ಲದೆ 5 ಕಿಲೋಮೀಟರ್ ಬರುತ್ತದೆ, 32 ನಿಮಿಷವೋ 34 ನಿಮಿಷವೋ ಆಗಬಹುದು. ಆಗಲಿ ಬಿಡಿ. ಗೋಡೆ ಎದ್ದ ಮೇಲೆ ಗಿಲಾವು ಮಾಡೋಣ.

ಅರ್ಜಿ ಹಾಕಿದ ಮೇಲೆ ಶುರು ಮಾಡಿದ್ರೆ ಸಾಕಾ?

ಏನೂ ಓಡದವರಿಗೆ ಆರು ತಿಂಗಳು ಬೇಕು. ಕಬಡ್ಡಿ, ವಾಲಿಬಾಲ್ ಆಡಿದವರಿಗೆ ಮೂರರಿಂದ ನಾಲ್ಕು. ಇಲ್ಲಿ ಫಿಸಿಕಲ್ ಲಿಖಿತಕ್ಕಿಂತ ಮೊದಲೇ ಇರುತ್ತದೆ. ಅದಕ್ಕೆ ಅಧಿಸೂಚನೆ ಬರುವ ತನಕ ಕಾಯಬೇಡಿ.

ಶೂ ಬೇಕೇ ಬೇಕಾ? ಬರಿಗಾಲಲ್ಲೇ ಓಡಿ ಅಭ್ಯಾಸ ನನಗೆ.

ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಿ ಬೆಳೆದವರು ಹಾಗೇ ಓಡಿ, ತಪ್ಪಿಲ್ಲ. ಆದರೆ ಪರೀಕ್ಷೆ ಡಾಂಬರಿನ ಮೇಲೂ ಇರಬಹುದು. ಸಾಧಾರಣ ಬೆಲೆಯ ಓಟದ ಶೂ ಒಂದು ಜೊತೆ ಸಾಕು, ಅರ್ಧ ಬೆರಳಿನಷ್ಟು ಮುಂದೆ ಜಾಗವಿರಲಿ. ಪರೀಕ್ಷೆಯ ದಿನ ಹೊಸ ಶೂ ಹಾಕಿಕೊಂಡು ಬಂದು ಗುಳ್ಳೆ ಎದ್ದವರನ್ನು ಪ್ರತಿ ಸಲ ನೋಡುತ್ತೇನೆ.

## ನೋವು, ಊಟ, ಪುಡಿ

ಮೊಳಕಾಲಿನ ಕೆಳಗೆ ಮುಂದಿನ ಮೂಳೆ ಉದ್ದಕ್ಕೂ ನೋವು. ಓಡ್ತಾ ಓಡ್ತಾ ಹೋಗುತ್ತೆ ಅಂತಾರೆ, ಹೌದಾ?

ಹೊಸಬರ ಅರ್ಧ ದೂರು ಇದೇ. ದಮ್ಮು ಬೇಗ ಬೆಳೆಯುತ್ತದೆ, ಮೂಳೆ ನಿಧಾನಕ್ಕೆ ಬೆಳೆಯುತ್ತದೆ. ಮನಸ್ಸು ಇನ್ನೂ ಎರಡು ರೌಂಡ್ ಅನ್ನುತ್ತದೆ, ಮೂಳೆ ಬೇಡ ಅನ್ನುತ್ತದೆ. ಒಂದು ವಾರ ಓಟ ನಿಲ್ಲಿಸಿ ಸೈಕಲ್ ತುಳಿಯಿರಿ. ಕೆರೆ, ಬಾವಿಯಲ್ಲಿ ಈಜು ಬಂದರೆ ಈಜಿ. ದಮ್ಮು ಕಮ್ಮಿಯಾಗುವುದಿಲ್ಲ. ಮತ್ತೆ ಶುರು ಮಾಡುವಾಗ ಮೊದಲಿನ ಅರ್ಧದಿಂದ, ಮಣ್ಣಿನ ನೆಲದಲ್ಲಿ. ವಾರದ ಒಟ್ಟು ದೂರವನ್ನು ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಏರಿಸಬೇಡಿ. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಮೆಟ್ಟಿಲ ಅಂಚಿನಲ್ಲಿ ನಿಂತು ಮಾಡಿ, ಮೀನಖಂಡ ಗಟ್ಟಿಯಾಗುತ್ತದೆ.

ನೋವು ಉದ್ದಕ್ಕೂ ಇರದೆ ಒಂದೇ ಜಾಗದಲ್ಲಿ, ಬೆರಳಿಟ್ಟರೆ ಚುಳ್ ಎಂದರೆ ಅದು ಬೇರೆ. ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಸ್ಪ್ರೇ ಹೊಡೆದುಕೊಂಡು ಓಡಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಓಡುವಾಗ ಪಕ್ಕೆ ಹಿಡಿಯುತ್ತೆ.

ಊಟ ಮಾಡಿ ಎರಡು ಗಂಟೆಯಾದರೂ ಬಿಡಿ. ಹಿಡಿದಾಗ ವೇಗ ಇಳಿಸಿ, ಬಾಯಿಂದ ಪೂರ್ತಿ ಉಸಿರು ಬಿಡಿ, ಆ ಜಾಗವನ್ನು ಬೆರಳಿನಿಂದ ಒತ್ತಿ. ಅಭ್ಯಾಸ ಆಗುತ್ತಾ ಹೋದಂತೆ ಅದು ಬರುವುದೇ ಕಮ್ಮಿಯಾಗುತ್ತದೆ.

ನಮ್ಮನೇಲಿ ಮುದ್ದೆ, ಸಾರು. ಪ್ರೋಟೀನ್ ಪೌಡರ್ ತಗೊಳ್ಲೇಬೇಕಾ?

ಮುದ್ದೆ ಇರುವ ಮನೆ ಪುಣ್ಯದ್ದು. ಓಟಗಾರನಿಗೆ ಮೊದಲು ಬೇಕಾದದ್ದು ಹಿಟ್ಟಿನ ಪದಾರ್ಥ, ಅದರಲ್ಲೇ ಕಾಲು ಓಡುವುದು. ಪ್ರೋಟೀನು ನಿಮ್ಮ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ ಸಿಕ್ಕರೆ ಸಾಕು. 60 ಕಿಲೋ ಹುಡುಗನಿಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಮೊಟ್ಟೆ ತಿನ್ನದವರಿಗೆ ಹುರುಳಿ, ಹೆಸರುಕಾಳು, ಕಡಲೆಕಾಯಿ, ಹಾಲು, ಮೊಸರು ಇವೆಯಲ್ಲ. ಸಾರಿನ ತಿಳಿ ಮಾತ್ರ ಬಡಿಸಿಕೊಂಡು ಕಾಳನ್ನು ಪಾತ್ರೆಯಲ್ಲೇ ಬಿಡುವವರು ಜಾಸ್ತಿ. ಸೌಟು ತಳಕ್ಕೆ ಹೋಗಲಿ.

ಸೊಪ್ಪು ವಾರಕ್ಕೆ ಮೂರು ದಿನವಾದರೂ ಇರಲಿ. ಎಷ್ಟು ಓಡಿದರೂ ಸುಸ್ತು ಇಳಿಯದಿದ್ದರೆ, ಮೆಟ್ಟಿಲು ಹತ್ತಿದರೂ ಏದುಸಿರು ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಕೂಡಲೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ಗಂಟೆ ತಡೆಯಿರಿ.

ಗ್ರೌಂಡ್ ಹತ್ರ ಒಬ್ರು ಇಂಜೆಕ್ಷನ್ ಕೊಡ್ತಾರಂತೆ. ಎನರ್ಜಿ ಡ್ರಿಂಕ್ ಆದ್ರೂ ಕುಡೀಬಹುದಾ?

ಇಂಜೆಕ್ಷನ್ ಕಡೆ ತಲೆಯನ್ನೂ ಹಾಕಬೇಡಿ. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 60 ನಿಮಿಷದಲ್ಲಿ 10 ಕಿಲೋಮೀಟರ್ ಓಟವಿತ್ತು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಗಂಟೆಗೆ ಹತ್ತು ಕಿಲೋಮೀಟರ್ ಎಂದರೆ ನಮ್ಮ 24 ನಿಮಿಷದ ಓಟಕ್ಕಿಂತ ಕಮ್ಮಿ ವೇಗ. ಸೆಕೆ, ತಯಾರಿ ಇಲ್ಲದಿರುವುದು, ಗೊತ್ತಿಲ್ಲದ ಕಾಯಿಲೆ, ಉತ್ತೇಜಕ ಔಷಧಿ, ಇದರಲ್ಲಿ ಎರಡು ಸೇರಿದರೆ ಗಟ್ಟಿಮುಟ್ಟಾದ ಹುಡುಗನೂ ಬೀಳುತ್ತಾನೆ. ಉತ್ತೇಜಕ ತೆಗೆದುಕೊಂಡರೆ ದೇಹ ಸಾಕು ಅನ್ನುವುದು ನಿಮಗೆ ಕೇಳಿಸುವುದೇ ಇಲ್ಲ.

ಎನರ್ಜಿ ಡ್ರಿಂಕಿನಲ್ಲಿರುವುದು ಸಕ್ಕರೆ ಮತ್ತು ಕೆಫೀನ್. ಅದಕ್ಕೆ ಒಂದು ಲೋಟ ಕಾಫಿಯೇ ಸಾಕು, ಅದೂ ನಿಮಗೆ ರೂಢಿ ಇದ್ದರೆ. ಓಡುವಾಗ ಎದೆ ಹಿಡಿದರೆ, ಕಣ್ಣು ಕತ್ತಲೆ ಬಂದರೆ ಆವತ್ತೇ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸತ್ತಿದ್ದರೆ ಓಟ ಶುರುವಿಗೆ ಮೊದಲೇ ಇಸಿಜಿ ಮಾಡಿಸಿ.

## ಟೈಮಿಂಗ್ ಇಳಿಸಬೇಕಾದವರಿಗೆ

ದಿನಾ ವಾಚ್ ಇಟ್ಕೊಂಡು 5 ಕಿಲೋಮೀಟರ್ ಫುಲ್ ಸ್ಪೀಡಲ್ಲಿ ಓಡ್ತೀನಿ. ಆದ್ರೂ 26ಕ್ಕಿಂತ ಕೆಳಗಿಳೀತಿಲ್ಲ. ಯಾಕೆ?

ದಿನಾ ಪರೀಕ್ಷೆ ಬರೆಯುತ್ತೀರಿ, ಓದುವುದು ಯಾವಾಗ? ದಿನಾ ಜೀವ ಬಿಟ್ಟು ಓಡಿದರೆ ಕಾಲು ಸುಧಾರಿಸಿಕೊಳ್ಳುವುದಿಲ್ಲ. ನಿಧಾನ ಓಡಬೇಕಾದ ದಿನ ಜೋರಾಗಿ ಓಡುತ್ತೀರಿ, ಅದರಿಂದ ಜೋರಾಗಿ ಓಡಬೇಕಾದ ದಿನ ಕಾಲೇ ಬರುವುದಿಲ್ಲ. ಎಲ್ಲ ದಿನವೂ ಒಂದೇ ಮಧ್ಯಮ ವೇಗದಲ್ಲಿ ಸಿಕ್ಕಿಕೊಳ್ಳುತ್ತೀರಿ. ನಾನು ನೋಡಿದ ಹುಡುಗರಲ್ಲಿ ಬಹಳ ಜನ 26ರಲ್ಲಿ ನಿಂತಿದ್ದು ಹೀಗೆಯೇ.

ವಾರಕ್ಕೆ ಎರಡೇ ದಿನ ಕಷ್ಟದ ಓಟ. ಮಂಗಳವಾರ 800 ಮೀಟರಿನ ಐದಾರು ತುಂಡು, ಒಂದೊಂದೂ 3 ನಿಮಿಷ 45 ಸೆಕೆಂಡಿಗೆ, ನಡುವೆ ಎರಡೂವರೆ ನಿಮಿಷ ನಡಿಗೆ. ಮೊದಲನೆಯದೂ ಕೊನೆಯದೂ ಒಂದೇ ಟೈಮಿಗೆ ಬರಬೇಕು. ಮೊದಲನೆಯದು 3.20, ಕೊನೆಯದು 4.10 ಬಂದರೆ ಆ ದಿನ ಹಾಳು. ಶುಕ್ರವಾರ 20 ನಿಮಿಷ ಬಿಗಿ ಓಟ: ಮೂರ್ನಾಲ್ಕು ಪದ ಆಡಬಹುದು, ಪೂರ್ತಿ ವಾಕ್ಯ ಆಗಬಾರದು. ಭಾನುವಾರ ಒಂದು ಗಂಟೆಗೂ ಮೇಲೆ, ಹರಟೆ ಹೊಡೆಯುತ್ತಾ. ಉಳಿದ ಎರಡು ದಿನ ಅರ್ಧ ಮುಕ್ಕಾಲು ಗಂಟೆ ಆರಾಮ ಓಟ, ಆಮೇಲೆ ಬಸ್ಕಿ, ದಂಡ. ಇನ್ನೆರಡು ದಿನ ಏನೂ ಬೇಡ. ಪೂರ್ತಿ 5 ಕಿಲೋಮೀಟರನ್ನು ಟೈಮ್ ಇಟ್ಟು ಓಡುವುದು ತಿಂಗಳಿಗೆ ಒಂದೇ ಸಲ.

ಆರಾಮ ದಿನ ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳಿ ಎಂದರೆ ಹುಡುಗರಿಗೆ ನಾಚಿಕೆ. ಯಾರಾದರೂ ನೋಡಿದರೆ ಅಂತ. ನೋಡಲಿ ಬಿಡಿ.

ಪೊಲೀಸ್ ಪರೀಕ್ಷೆಗೆ 1600 ಮೀಟರ್ ಆರೂವರೆ ನಿಮಿಷದಲ್ಲಿ ಓಡಿದ್ದೆ. ಹಾಗಾದ್ರೆ ಇದು ಸುಲಭ ಅಲ್ವಾ?

ನಿಮ್ಮ ಹತ್ತಿರ ವೇಗ ಇದೆ. ದೂರ ಹೆಚ್ಚಿದಂತೆ ವೇಗ ಎಷ್ಟು ಇಳಿಯುತ್ತದೆ ಎನ್ನುವ ಲೆಕ್ಕವೊಂದಿದೆ. ಅದರಂತೆ 1600 ಮೀಟರನ್ನು 6.30ಕ್ಕೆ ಓಡುವವನು 5 ಕಿಲೋಮೀಟರನ್ನು 22 ನಿಮಿಷದ ಆಸುಪಾಸಿನಲ್ಲಿ ಮುಗಿಸಬಹುದು. 7 ನಿಮಿಷದವನಿಗೆ 23 ನಿಮಿಷ 25 ಸೆಕೆಂಡು, ಕೂದಲೆಳೆಯಲ್ಲಿ ಪಾಸ್. 7.30ರವನಿಗೆ 25 ದಾಟುತ್ತದೆ. ಆದರೆ ಉದ್ದ ಓಟದ ಅಭ್ಯಾಸ ಇದ್ದವರಿಗೆ ಮಾತ್ರ ಈ ಲೆಕ್ಕ. ಬರೀ 1600 ಓಡಿದವರಿಗೆ ಮೂರನೇ ಕಿಲೋಮೀಟರಿನಲ್ಲಿ ಕಾಲು ಕಲ್ಲಾಗುತ್ತದೆ. ನಿಮಗೆ ಬೇಕಿರುವುದು ಭಾನುವಾರದ ಉದ್ದ ಓಟ.

ಪ್ರಾಕ್ಟೀಸಲ್ಲಿ 23.50 ಬಂದ್ರೆ ಸಾಕಾ?

ಸಾಲದು. ಪರೀಕ್ಷೆಯ ದಿನ ರಾತ್ರಿ ರೈಲಿನಲ್ಲಿ ನಿದ್ದೆಯಿಲ್ಲ, ಸರದಿಯಲ್ಲಿ ನಿಲ್ಲಬೇಕು, ಗುಂಪಿನಲ್ಲಿ ಮೊಣಕೈ ತಾಗಿಸಿಕೊಂಡು ಓಡಬೇಕು, ತಿರುವಿನಲ್ಲಿ ಹೊರಬದಿಗೆ ತಳ್ಳಿದರೆ ದೂರವೇ ಜಾಸ್ತಿಯಾಗುತ್ತದೆ. ನಿಮ್ಮ ಮೈದಾನದಲ್ಲಿ 22.30 ಬಂದರೆ ನೆಮ್ಮದಿಯಿಂದ ಹೋಗಿ. ಅಂದರೆ 400 ಮೀಟರಿನ ರೌಂಡಿಗೆ 1 ನಿಮಿಷ 48 ಸೆಕೆಂಡು.

## ಆ ದಿನ

ಮೊದಲೇ ಜೋರಾಗಿ ಓಡಿ ಟೈಮ್ ಉಳಿಸ್ಕೊಂಡು ಆಮೇಲೆ ನಿಧಾನ ಮಾಡಿದ್ರೆ?

ನಾನು ಹಾಗೇ ಮಾಡಿ ಫೇಲಾದವನು. ಸೀಟಿ ಊದಿದ ಕೂಡಲೇ ಎಲ್ಲರೂ ಕುರಿ ಹಿಂಡಿನ ಹಾಗೆ ನುಗ್ಗಿದರು, ನಾನೂ ನುಗ್ಗಿದೆ. ಮೊದಲ ಕಿಲೋಮೀಟರ್ 3 ನಿಮಿಷ 55 ಸೆಕೆಂಡಿಗೆ ಬಂತು, ಖುಷಿಯೋ ಖುಷಿ. ನಾಲ್ಕನೆಯದಕ್ಕೆ ಐದೂವರೆ ನಿಮಿಷ ಆಯಿತು. ಮುಗಿಸುವಾಗ 24 ದಾಟಿ ಮೂವತ್ತೈದು ಸೆಕೆಂಡು. ಉಳಿಸಿದ ಐವತ್ತು ಸೆಕೆಂಡಿಗೆ ಬಡ್ಡಿ ಕಟ್ಟಿದ ಹಾಗಾಯಿತು.

24 ನಿಮಿಷ ಎಂದರೆ ಕಿಲೋಮೀಟರಿಗೆ 4 ನಿಮಿಷ 48 ಸೆಕೆಂಡು, 400 ಮೀಟರಿನ ರೌಂಡಿಗೆ 1 ನಿಮಿಷ 55. ಮೊದಲ ರೌಂಡ್ 1.50ಕ್ಕಿಂತ ಬೇಗ ಬರಬಾರದು. ನೂರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ಆರನೇ ರೌಂಡಿನಿಂದ ಅವರಲ್ಲಿ ಅರ್ಧ ಜನ ವಾಪಸ್ ಸಿಗುತ್ತಾರೆ. ವಾಚ್ ಒಳಗೆ ಬಿಡದಿರಬಹುದು. ಹಾಗಾಗಿ ಅಭ್ಯಾಸದಲ್ಲೇ ವಾಚ್ ನೋಡದೆ ಒಂದು ರೌಂಡ್ ಓಡಿ, ಎಷ್ಟಾಯಿತು ಎಂದು ಊಹಿಸಿ, ಆಮೇಲೆ ನೋಡಿ. ತಿಂಗಳೊಳಗೆ ಎರಡು ಮೂರು ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತೀರಿ.

ಹಿಂದಿನ ದಿನ, ಆವತ್ತು ಬೆಳಿಗ್ಗೆ ಏನ್ ತಿನ್ನಲಿ?

ದಿನಾ ತಿನ್ನುವುದನ್ನೇ. ಹೋಟೆಲಿನ ಎಣ್ಣೆ ಪದಾರ್ಥ ಬೇಡ. ಓಟಕ್ಕೆ ಎರಡು ಗಂಟೆ ಮೊದಲು ಎರಡು ಬಾಳೆಹಣ್ಣು, ಇಲ್ಲವೇ ಎರಡು ಇಡ್ಲಿ. ನೀರು ಸ್ವಲ್ಪ ಸ್ವಲ್ಪ. ಸರದಿ ಮಧ್ಯಾಹ್ನಕ್ಕೆ ಹೋಗಬಹುದು, ಚೀಲದಲ್ಲಿ ಬಾಳೆಹಣ್ಣು, ಬೆಲ್ಲ, ಕಡಲೆಕಾಯಿ, ಟೋಪಿ ಇರಲಿ. ಕಡೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಆ ವಾರ ಓಡಿದ್ದರಿಂದ ಸಿಗುವುದು ಸುಸ್ತು ಮಾತ್ರ.

ಯಾರಾದರೂ ಬಿಸಿಲಿನಲ್ಲಿ ಬಿದ್ದು ತಲೆತಿರುಗಿ ಅಸಂಬದ್ಧ ಮಾತಾಡಿದರೆ ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಗಾಳಿ ಹಾಕಿ, ವೈದ್ಯರನ್ನು ಕೂಗಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

## ಓಟದ ಆಚೆ

5 ಕಿಲೋಮೀಟರ್ ಓಡಿದ್ರೆ ಬೆಂಕಿ ಆರುತ್ತಾ? ಈ ಪರೀಕ್ಷೆಗೂ ಕೆಲಸಕ್ಕೂ ಏನ್ ಸಂಬಂಧ?

ಒಳ್ಳೆ ಪ್ರಶ್ನೆ, ನನಗೂ ಇದೆ. ಅಮೆರಿಕ, ಕೆನಡಾದ ಬಹಳಷ್ಟು ಅಗ್ನಿಶಾಮಕ ಇಲಾಖೆಗಳಲ್ಲಿ ಸಿಪ್ಯಾಟ್ ಎಂಬ ಪರೀಕ್ಷೆ ಇದೆ. ಅಲ್ಲಿ ಓಟವೇ ಇಲ್ಲ. ಸುಮಾರು 23 ಕಿಲೋ ತೂಕದ ಜಾಕೆಟ್ ಹಾಕಿ ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಮೊದಲನೆಯದು ಮೆಟ್ಟಿಲು ಹತ್ತುವ ಯಂತ್ರ: ಹೆಗಲ ಮೇಲೆ ಇನ್ನೂ 11 ಕಿಲೋ ಹೊತ್ತು, ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ. ಆಮೇಲೆ ನೀರಿನ ಪೈಪು ಎಳೆಯುವುದು, ಏಣಿ ಎತ್ತುವುದು, ಸುತ್ತಿಗೆಯಲ್ಲಿ ಹೊಡೆಯುವುದು, ಕತ್ತಲ ಸುರಂಗದಲ್ಲಿ ತೆವಳುವುದು, 75 ಕಿಲೋ ಬೊಂಬೆಯನ್ನು ಎಳೆದು ತರುವುದು. ಒಂದು ಕೆಲಸದಿಂದ ಇನ್ನೊಂದಕ್ಕೆ ಓಡುವಂತೆಯೂ ಇಲ್ಲ, ನಡೆಯಬೇಕು. ನನ್ನ ಪ್ರಕಾರ ಕೆಲಸಕ್ಕೆ ಹತ್ತಿರದ ಪರೀಕ್ಷೆ ಅದೇ.

ಆದರೂ ಓಟ ವ್ಯರ್ಥವಲ್ಲ. ಅಮೆರಿಕದಲ್ಲಿ ಡ್ಯೂಟಿಯಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಬೇರೆಲ್ಲ ಕಾರಣಕ್ಕಿಂತ ಜಾಸ್ತಿ ಜನರ ಜೀವ ತೆಗೆಯುವುದು ಜ್ವಾಲೆಯಲ್ಲ, ಹಠಾತ್ತಾಗಿ ಕೈಕೊಡುವ ಹೃದಯ. ದಪ್ಪ ಉಡುಪಿನೊಳಗೆ ಶಾಖ ಹೊರಹೋಗದೆ ಎದೆಬಡಿತ ಏರುತ್ತದೆ. ಬೆನ್ನ ಮೇಲಿನ ಸಿಲಿಂಡರಿನಲ್ಲಿರುವ ಗಾಳಿಗೆ ಲೆಕ್ಕವಿದೆ, ಏದುಸಿರು ಬಿಡುವವನ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ದಮ್ಮಿದ್ದವನು ಒಳಗೆ ಜಾಸ್ತಿ ಹೊತ್ತು ಇರುತ್ತಾನೆ.

ಹಾಗಾದ್ರೆ ಈಗ್ಲೇ ತೂಕ ಎತ್ತೋದೂ ಶುರು ಮಾಡ್ಲಾ?

ಓಟ 24ರ ಒಳಗೆ ಬರುವ ತನಕ ಬಸ್ಕಿ, ದಂಡ, ಬಾರ್ ಸಾಕು. ಬಂದ ಮೇಲೆ ವಾರಕ್ಕೆ ಎರಡು ದಿನ ಸೇರಿಸಿ. ಜಿಮ್ ಬೇಡ. ಗೊಬ್ಬರದ ಖಾಲಿ ಚೀಲಕ್ಕೆ 20 ಕಿಲೋ ಮರಳು ತುಂಬಿ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ. ಟ್ರಾಕ್ಟರ್ ಟಯರಿಗೆ ಹಗ್ಗ ಕಟ್ಟಿ ಹಿಂದಕ್ಕೆ ನಡೆಯುತ್ತಾ ಎಳೆಯಿರಿ. ಎರಡು ಕೈಯಲ್ಲೂ ತುಂಬಿದ ಕೊಡ ಹಿಡಿದು ಐವತ್ತು ಹೆಜ್ಜೆ ನಡೆಯಿರಿ, ಹಿಡಿತ ಗಟ್ಟಿಯಾಗುತ್ತದೆ. ಹೊಲದ ಕೆಲಸ ಮಾಡಿ ಬೆಳೆದವರಿಗೆ ಇದು ಹೊಸದೇನಲ್ಲ. ಬಗ್ಗಿ ಎತ್ತುವಾಗ ಮಾತ್ರ ಬೆನ್ನು ಗೂನು ಮಾಡಬೇಡಿ, ಸೊಂಟದಿಂದ ಬಗ್ಗಿ ಕಾಲಿನ ಬಲದಲ್ಲಿ ಏಳಿ.

ಫಿಸಿಕಲ್ ಪಾಸಾಯ್ತು. ಲಿಖಿತಕ್ಕೆ ಓದಬೇಕು. ಓಟ ಬಿಡ್ಲಾ?

ಬಿಡಬೇಡಿ, ಕಮ್ಮಿ ಮಾಡಿ. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಸಾಕು, ಅದರಲ್ಲಿ ಒಂದು ದಿನ ಸ್ವಲ್ಪ ಜೋರು. ಗಳಿಸಿದ್ದರಲ್ಲಿ ಬಹುಪಾಲು ಉಳಿಯುತ್ತದೆ. ಪೂರ್ತಿ ಬಿಟ್ಟರೆ ಎರಡು ಮೂರು ವಾರಕ್ಕೇ ಇಳಿಯಲು ಶುರು. ಆಯ್ಕೆಯಾದರೆ ತಿಂಗಳುಗಟ್ಟಲೆ ತರಬೇತಿ ಇದೆ, ಅಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಓಟವೇ.